ಗೆದ್ದವರು ಯಾರು? ಲೆಕ್ಕ ಇಟ್ಟವರನ್ನು ಕೇಳಿ

ಐದನೇ ಸೆಮಿಸ್ಟರ್‌ನ ಡಿಬಿಎಂಎಸ್ ಮಿನಿ ಪ್ರಾಜೆಕ್ಟ್‌ಗೆ ವಿಷಯ ಆರಿಸಿಕೊಳ್ಳಿ ಎಂದು ಗೈಡ್ ಹೇಳಿದಾಗ ನಮ್ಮ ಕ್ಲಾಸಿನಲ್ಲಿ ಎಂದಿನ ನಾಲ್ಕೇ ವಿಷಯಗಳು ಓಡಾಡಿದವು. ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್, ಹಾಸ್ಟೆಲ್ ಮ್ಯಾನೇಜ್‌ಮೆಂಟ್, ಬ್ಲಡ್ ಬ್ಯಾಂಕ್. ಸೀನಿಯರ್‌ಗಳ ರಿಪೋರ್ಟ್ ಇಸಿದುಕೊಂಡು ಮೊದಲ ಪುಟದ ಹೆಸರು ಬದಲಿಸಿದರೆ ಅರ್ಧ ಕೆಲಸ ಮುಗಿದಂತೆ. ನನಗೆ ಮಾತ್ರ ಬೇರೇನಾದರೂ ಮಾಡಬೇಕೆಂಬ ಹುಚ್ಚು. ಚಿಕ್ಕಂದಿನಲ್ಲಿ ‘ಕಾರ್ಸ್’ ಸಿನಿಮಾವನ್ನು ಡಿವಿಡಿ ಸವೆಯುವಷ್ಟು ಸಲ ನೋಡಿದ ಪ್ರಾಣಿ ನಾನು. ಅದರಲ್ಲಿ ‘ದಿ ಕಿಂಗ್’ ಎಂಬ ನೀಲಿ ಕಾರು ಬರುತ್ತದಲ್ಲ, 43 ನಂಬರಿನದು, ಅದಕ್ಕೆ ದನಿ ಕೊಟ್ಟವರು ರಿಚರ್ಡ್ ಪೆಟ್ಟಿ. ಅವರು ನಿಜಜೀವನದಲ್ಲೂ ರೇಸ್ ಚಾಲಕ, ಅಮೆರಿಕದ ನಾಸ್ಕಾರ್ ಸರಣಿಯಲ್ಲಿ 200 ರೇಸ್ ಗೆದ್ದವರು ಎಂದು ನನಗೆ ಗೊತ್ತಾದದ್ದು ಪಿಯುಸಿಯಲ್ಲಿ. ಆಗಿನಿಂದ ಆ ಹಳೆಯ ರೇಸ್‌ಗಳ ಫಲಿತಾಂಶ ಹುಡುಕಿ ಓದುವುದು ನನ್ನ ಚಟ.

ಹಾಗಾಗಿ ‘ಅಮೆರಿಕದ ಹಳೆಯ ಶಾರ್ಟ್ ಟ್ರ್ಯಾಕ್ ರೇಸ್‌ಗಳು ಮತ್ತು ಚಾಲಕರ ಮೊದಲ ಗೆಲುವು’ ಎಂದು ವಿಷಯ ಬರೆದುಕೊಟ್ಟೆ. ಗೈಡ್ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ‘ಇದರಲ್ಲಿ ಏನಿದೆ? ಒಂದು ಟೇಬಲ್ ಆಗುತ್ತೆ ಅಷ್ಟೆ’ ಅಂದರು. ನನಗೂ ಹಾಗೇ ಅನಿಸಿತ್ತು. ಚಾಲಕ, ಟ್ರ್ಯಾಕ್, ದಿನಾಂಕ, ಕಾರು, ಗೆದ್ದವರು, ಹೀಗೆ ಐದು ಕಾಲಂ. ಎರಡು ವಾರದ ಕೆಲಸ.

ಮೂರು ತಿಂಗಳು ಹಿಡಿಯಿತು. ಅಷ್ಟೇ ಅಲ್ಲ, ಅದು ನನ್ನನ್ನು ಅಮೆರಿಕದ ಮಣ್ಣಿನ ಟ್ರ್ಯಾಕ್‌ಗಳಿಂದ ನೇರವಾಗಿ ನಮ್ಮ ಕಾಲೇಜಿನ ಹಿಂದಿನ ಮೈದಾನಕ್ಕೆ, ನಾನೇ ಮಾಡಿದ ಒಂದು ತಪ್ಪಿಗೆ ತಂದು ನಿಲ್ಲಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಮಣ್ಣು, ಧೂಳು ಮತ್ತು ಕಳ್ಳಭಟ್ಟಿ

ಮೊದಲು ಶಾರ್ಟ್ ಟ್ರ್ಯಾಕ್ ಎಂದರೇನು ಎಂದು ಹೇಳಿಬಿಡುತ್ತೇನೆ. ಒಂದು ಮೈಲಿಗಿಂತ, ಅಂದರೆ ಸುಮಾರು 1.6 ಕಿಲೋಮೀಟರಿಗಿಂತ ಕಡಿಮೆ ಉದ್ದದ ಅಂಡಾಕಾರದ ಟ್ರ್ಯಾಕ್. ನಾವು ಟಿ.ವಿ.ಯಲ್ಲಿ ನೋಡುವ ಫಾರ್ಮುಲಾ ಒನ್ನಿನ ಥಳಕು ಇಲ್ಲಿಲ್ಲ. ಅರ್ಧ ಮೈಲಿ, ಕಾಲು ಮೈಲಿಯ ಟ್ರ್ಯಾಕ್‌ಗಳು. ಹೆಚ್ಚಿನವು ಮಣ್ಣಿನವು, ಜಾತ್ರೆ ಮೈದಾನಗಳಲ್ಲಿದ್ದವು. ನಾರ್ತ್ ಕೆರೊಲಿನಾದ ವಿನ್‌ಸ್ಟನ್-ಸೇಲಂ ಊರಿನಲ್ಲಿ ಬೌಮನ್ ಗ್ರೇ ಸ್ಟೇಡಿಯಂ ಎಂಬುದಿದೆ. ಅಲ್ಲಿ ಫುಟ್‌ಬಾಲ್ ಮೈದಾನದ ಸುತ್ತ ಇರುವ ಕಾಲು ಮೈಲಿಯ ಪಟ್ಟಿಯಲ್ಲಿ 1949ರಿಂದ ನಾಸ್ಕಾರ್ ರೇಸ್ ನಡೆಯುತ್ತಿದೆ.

ಅಮೆರಿಕದ ದಕ್ಷಿಣ ಭಾಗದ ಆರಂಭದ ಚಾಲಕರಲ್ಲಿ ಹಲವರು ಕಳ್ಳಭಟ್ಟಿ ಸಾಗಿಸಿ ಪಳಗಿದವರು. ರಾತ್ರಿ ಹೊತ್ತು ಬೆಟ್ಟದ ದಾರಿಯಲ್ಲಿ ದೀಪ ಆರಿಸಿಕೊಂಡು ಪೊಲೀಸರಿಂದ ತಪ್ಪಿಸಿಕೊಳ್ಳಬೇಕಾದರೆ ಕಾರು ವೇಗವಾಗಿ ಓಡಬೇಕು, ತಿರುವಿನಲ್ಲಿ ಮಗುಚಬಾರದು, ಹಿಂದೆ ಸರಕು ತುಂಬಿದ್ದರೂ ಹಿಂಭಾಗ ಕುಸಿದು ಕಾಣಬಾರದು. ಅದಕ್ಕೆ ಎಂಜಿನ್ನನ್ನೂ ಸ್ಪ್ರಿಂಗನ್ನೂ ತಿದ್ದುತ್ತಿದ್ದರು. ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಓದದ ಮೆಕ್ಯಾನಿಕ್‌ಗಳ ಸಸ್ಪೆನ್ಷನ್ ಜ್ಞಾನ ಅದು. ನನ್ನ ಮೆಕ್ಯಾನಿಕಲ್ ಗೆಳೆಯರು ಇದನ್ನು ಕೇಳಿದರೆ ಸುಮ್ಮನೆ ತಲೆ ತಗ್ಗಿಸುತ್ತಾರೆ.

ಮೊದಲ ಗೆಲುವು ಎಂದರೆ ಯಾವುದು?

ಟೇಬಲ್ ತುಂಬಲು ಕೂತ ಮೊದಲ ದಿನವೇ ರೆಡ್ ಬೈರನ್ ನನ್ನನ್ನು ಸುಸ್ತು ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಎಡಗಾಲಿಗೆ ತೀವ್ರ ಗಾಯವಾಗಿ, ಆ ಕಾಲಿಗೆ ಕ್ಲಚ್ ತುಳಿಯಲು ವಿಶೇಷ ಏರ್ಪಾಟು ಮಾಡಿಕೊಂಡು ರೇಸ್ ಓಡಿಸಿದ ಮನುಷ್ಯ. ಅವರ ಮೊದಲ ಗೆಲುವು ಯಾವುದು? ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಅರ್ಧ ಮೈಲಿ ಟ್ರ್ಯಾಕ್ 1947ರ ಸೆಪ್ಟೆಂಬರ್ 7ರಂದು ಶುರುವಾದಾಗ ಅಲ್ಲಿ ಗೆದ್ದವರು ಅವರೇ. ಆದರೆ ಆಗ ನಾಸ್ಕಾರ್ ಹುಟ್ಟಿಯೇ ಇರಲಿಲ್ಲ. 1948ರ ಫೆಬ್ರುವರಿ 15ರಂದು ಡೇಟೋನಾ ಕಡಲತೀರದಲ್ಲಿ ನಾಸ್ಕಾರ್‌ನ ಮೊದಲ ರೇಸ್ ಗೆದ್ದವರೂ ಅವರೇ. ಆದರೆ ಅದು ಮಾರ್ಪಡಿಸಿದ ಕಾರುಗಳ ವಿಭಾಗ. ಇವತ್ತಿನ ಕಪ್ ಸರಣಿಯ ಮೂಲವಾದ ‘ಸ್ಟ್ರಿಕ್ಟ್‌ಲಿ ಸ್ಟಾಕ್’ ವಿಭಾಗದಲ್ಲಿ ಅವರ ಮೊದಲ ಗೆಲುವು ಬಂದದ್ದು 1949ರ ಜುಲೈ 10ರಂದು. ಒಬ್ಬನೇ ಮನುಷ್ಯ, ಮೂರು ಮೊದಲ ಗೆಲುವು. ನನ್ನ ಟೇಬಲ್‌ನಲ್ಲಿ ಇದ್ದದ್ದು ಒಂದೇ ಖಾನೆ.

ಇದು ವ್ಯಾಖ್ಯಾನದ ತೊಂದರೆ, ಅಡಿಟಿಪ್ಪಣಿ ಹಾಕಿದರಾಯಿತು ಅಂದುಕೊಂಡೆ. ಮುಂದಿನ ಸಾಲಿಗೆ ಹೋದೆ. ಆ ಸರಣಿಯ ಮೊಟ್ಟಮೊದಲ ರೇಸ್. 1949ರ ಜೂನ್ 19, ಷಾರ್ಲಟ್‌ನ ಮುಕ್ಕಾಲು ಮೈಲಿ ಮಣ್ಣಿನ ಟ್ರ್ಯಾಕ್, 200 ಸುತ್ತು. ನಿಯಮ ಸರಳ: ಶೋರೂಮಿನಿಂದ ಬಂದ ಕಾರು ಹೇಗಿದೆಯೋ ಹಾಗೇ ಓಡಬೇಕು. 1947ರ ಫೋರ್ಡ್ ಓಡಿಸಿದ ಗ್ಲೆನ್ ಡನವೇ ಮೂರು ಸುತ್ತುಗಳ ಅಂತರದಲ್ಲಿ ಮೊದಲು ಬಂದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಕಾರಿನ ತಪಾಸಣೆ ನಡೆಯಿತು. ಹಿಂದಿನ ಸ್ಪ್ರಿಂಗನ್ನು ತಿದ್ದಿದ್ದು ಸಿಕ್ಕಿಬಿತ್ತು, ಅದೇ ಕಳ್ಳಭಟ್ಟಿ ಗಾಡಿಗಳ ಉಪಾಯ. ಡನವೇ ಅನರ್ಹರಾದರು. ಎರಡನೆಯವರಾಗಿ ಬಂದಿದ್ದ ಜಿಮ್ ರೋಪರ್‌ಗೆ ಗೆಲುವು, 2,000 ಡಾಲರ್ ಬಹುಮಾನ. ರೋಪರ್ ಸಾವಿರ ಮೈಲಿಗೂ ದೂರದ ಕಾನ್ಸಾಸ್‌ನವರು. ಈ ರೇಸ್ ಇದೆ ಎಂದು ಅವರಿಗೆ ತಿಳಿದದ್ದು ಪತ್ರಿಕೆಯ ಕಾಮಿಕ್ ಸ್ಟ್ರಿಪ್ಪೊಂದರಿಂದ! ಡನವೇ ಓಡಿಸಿದ ಕಾರಿನ ಮಾಲೀಕ ಕೋರ್ಟಿಗೆ ಹೋದ, ಅಲ್ಲೂ ಸೋತ.

ಅಂದರೆ ಎಪ್ಪತ್ತೈದು ವರ್ಷ ದಾಟಿದ ಈ ಸರಣಿಯ ಮೊದಲ ವಿಜೇತ, ಗೆರೆಯನ್ನು ಮೊದಲು ದಾಟಿದವನಲ್ಲ. ನಾನು ‘ಗೆದ್ದವರು’ ಎಂಬ ಕಾಲಂ ಅನ್ನು ಎರಡಾಗಿ ಸೀಳಿದೆ. ‘ಬಾವುಟ ಸಿಕ್ಕಿದ್ದು ಯಾರಿಗೆ’ ಒಂದು, ‘ದಾಖಲೆಯಲ್ಲಿ ಗೆದ್ದವರು’ ಇನ್ನೊಂದು.

ಅಪ್ಪ ಕಸಿದ ಗೆಲುವು

ಷಾರ್ಲಟ್‌ನ ಅದೇ ಮೊದಲ ರೇಸ್‌ನಲ್ಲಿ ಲೀ ಪೆಟ್ಟಿ ಎಂಬ ಚಾಲಕ ಕಾರು ಮಗುಚಿಕೊಂಡಿದ್ದರು. ನೋಡಲು ಬಂದಿದ್ದ ಅವರ ಮಗನಿಗೆ ಆಗ ಹನ್ನೊಂದು ವರ್ಷ. ಅವನೇ ನನ್ನ ನೀಲಿ ಕಾರಿನ ರಿಚರ್ಡ್.

21 ತುಂಬುವವರೆಗೆ ರೇಸ್ ಮಾತೆತ್ತಬೇಡ ಎಂದಿದ್ದರಂತೆ ಅಪ್ಪ. 1958ರ ಜುಲೈ 2ಕ್ಕೆ ರಿಚರ್ಡ್‌ಗೆ 21 ತುಂಬಿತು. ಜುಲೈ 18ಕ್ಕೆ ಟೊರಾಂಟೊದ ಪುಟ್ಟ ಟ್ರ್ಯಾಕ್‌ನಲ್ಲಿ ಈ ಸರಣಿಯ ಮೊದಲ ರೇಸ್. ದಾರಿಗೆ ಅಡ್ಡ ಬಂದ ಮಗನ ಕಾರಿಗೆ ಹಿಂದಿನಿಂದ ಗುದ್ದಿ ಪಕ್ಕಕ್ಕೆ ಕಳಿಸಿದ್ದು ಸ್ವತಃ ಅಪ್ಪ. ಆ ದಿನ ಗೆದ್ದವರೂ ಅಪ್ಪನೇ.

ಮರುವರ್ಷ, 1959ರ ಜೂನ್ 14. ಅಟ್ಲಾಂಟಾದ ಲೇಕ್‌ವುಡ್. ಇದು ಪೂರ್ತಿ ಒಂದು ಮೈಲಿಯ ಮಣ್ಣಿನ ಟ್ರ್ಯಾಕ್, ಆದ್ದರಿಂದ ನನ್ನ ಶಾರ್ಟ್ ಟ್ರ್ಯಾಕ್ ಪಟ್ಟಿಯೊಳಗೆ ಬರಬಾರದು. ಆದರೂ ಬಿಡಲಾಗಲಿಲ್ಲ. ಬಾವುಟ ರಿಚರ್ಡ್‌ಗೆ ಬಿತ್ತು. ಮೊದಲ ಗೆಲುವು! ಅಷ್ಟರಲ್ಲಿ ಯಾರೋ ಲೆಕ್ಕ ತಪ್ಪಾಗಿದೆ ಎಂದು ಆಕ್ಷೇಪ ಎತ್ತಿದರು. ಯಾರು ಗೊತ್ತೇ? ಅಪ್ಪ. ಕಾರ್ಡ್‌ಗಳನ್ನು ಮತ್ತೆ ಎಣಿಸಿದರು. ಲೀ ಹೇಳಿದ್ದೇ ಸರಿ. ಗೆಲುವು ಮಗನ ಕೈಯಿಂದ ಅಪ್ಪನ ಕೈಗೆ ಹೋಯಿತು. ರಿಚರ್ಡ್‌ನ ಅಧಿಕೃತ ಮೊದಲ ಗೆಲುವು ಬಂದದ್ದು 1960ರ ಫೆಬ್ರುವರಿ 28ರಂದು, ಷಾರ್ಲಟ್‌ನ ಜಾತ್ರೆ ಮೈದಾನದ ಅರ್ಧ ಮೈಲಿ ಮಣ್ಣಿನ ಟ್ರ್ಯಾಕ್‌ನಲ್ಲಿ.

ಇದನ್ನು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಓದಿ ಹೇಳಿದಾಗ ಎಲ್ಲರೂ ನಕ್ಕರು. ‘ಎಂಥಾ ಅಪ್ಪನೋ ಮಾರಾಯ’ ಎಂದರು. ನನಗೆ ಮಾತ್ರ ನಗುವಿನ ಜೊತೆಗೆ ಇನ್ನೊಂದು ಯೋಚನೆ ಬಂತು. ಅದೇ ವರ್ಷ ಫೆಬ್ರುವರಿ 22ರಂದು ಮೊದಲ ಡೇಟೋನಾ 500 ನಡೆದಿತ್ತು. ಅದು ಎರಡೂವರೆ ಮೈಲಿಯ ದೊಡ್ಡ ಟ್ರ್ಯಾಕ್. ಅಲ್ಲಿ ಜಾನಿ ಬೋಷಾಂಪ್ ಗೆದ್ದರೆಂದು ಘೋಷಿಸಿ, ಮೂರು ದಿನದ ಮೇಲೆ ಫೋಟೊ, ಸುದ್ದಿಚಿತ್ರಗಳನ್ನು ನೋಡಿ ಗೆಲುವನ್ನು ಲೀ ಪೆಟ್ಟಿಗೆ ಕೊಟ್ಟಿದ್ದರು. ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಮಗನಾದರೂ ಸರಿ, ತಪ್ಪು ಲೆಕ್ಕ ತಪ್ಪೇ.

ಒಂದೂವರೆ ಸೆಕೆಂಡಿಗೊಂದು ಕಾರು

ಇಷ್ಟೊಂದು ಗೊಂದಲ ಯಾಕೆ ಆಗುತ್ತಿತ್ತು? ಇವತ್ತು ಪ್ರತಿ ಕಾರಿನಲ್ಲೂ ಟ್ರಾನ್ಸ್‌ಪಾಂಡರ್ ಇರುತ್ತದೆ. ಗೆರೆ ದಾಟಿದ ಕೂಡಲೇ ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಆಗ ಇದ್ದದ್ದು ಮನುಷ್ಯರು. ಒಂದೊಂದು ಕಾರಿಗೆ ಒಬ್ಬೊಬ್ಬ ಲೆಕ್ಕದವರು, ಎಷ್ಟೋ ಸಲ ಚಾಲಕನ ಮನೆಯವರೇ. ಕೈಯಲ್ಲಿ ಕಾರ್ಡು, ಎದುರಿಗೆ ದೊಡ್ಡ ಗಡಿಯಾರ. ತಮ್ಮ ಕಾರು ಗೆರೆ ದಾಟಿದಾಗಲೆಲ್ಲ ಆಗಿನ ಸಮಯವನ್ನು ಬರೆದುಕೊಳ್ಳಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಅರ್ಧ ಮೈಲಿ ಟ್ರ್ಯಾಕನ್ನು ಗಂಟೆಗೆ 60 ಮೈಲಿ ವೇಗದಲ್ಲಿ ಸುತ್ತಲು 30 ಸೆಕೆಂಡ್ ಬೇಕು. ಟ್ರ್ಯಾಕ್ ಮೇಲೆ 20 ಕಾರುಗಳಿದ್ದರೆ ಸರಾಸರಿ ಒಂದೂವರೆ ಸೆಕೆಂಡಿಗೊಂದು ಕಾರು ಕಣ್ಣೆದುರು ಹಾದುಹೋಗುತ್ತದೆ. ಅದೂ ಧೂಳಿನಲ್ಲಿ, ಸದ್ದಿನಲ್ಲಿ, ಗಂಟೆಗಟ್ಟಲೆ. 100 ಮೈಲಿಯ ರೇಸ್‌ಗೆ ಡೇಟೋನಾದಂಥ ಟ್ರ್ಯಾಕ್‌ನಲ್ಲಿ 40 ಸುತ್ತು ಎಣಿಸಿದರೆ ಸಾಕು. ಅರ್ಧ ಮೈಲಿಯಲ್ಲಿ 200 ಎಣಿಸಬೇಕು. ಟ್ರ್ಯಾಕ್ ಚಿಕ್ಕದಾದಷ್ಟೂ ತಪ್ಪಿಗೆ ಅವಕಾಶ ಹೆಚ್ಚು.

ಇನ್ನೊಂದು ವಿಷಯ ಗಮನಿಸಿ. ಸ್ಟಾಪ್‌ವಾಚ್ ಒತ್ತುವುದು ತಡವಾದರೆ ಹೋಗುವುದು ಸೆಕೆಂಡಿನ ಒಂದು ಚೂರು. ಎಣಿಕೆಯಲ್ಲಿ ಕಣ್ಣು ತಪ್ಪಿದರೆ ಹೋಗುವುದು ಪೂರ್ತಿ ಒಂದು ಸುತ್ತು. ಅಲ್ಲಿ ಅರ್ಧ ತಪ್ಪು ಎಂಬುದಿಲ್ಲ.

202 ಸುತ್ತು ಓಡಿದವರು

ಈಗ ವೆಂಡೆಲ್ ಸ್ಕಾಟ್ ಅವರ ವಿಷಯ. ‘ಕಾರ್ಸ್ 3’ ನೋಡಿದವರಿಗೆ ರಿವರ್ ಸ್ಕಾಟ್ ಎಂಬ ಹಳೆಯ ಕಾರು ನೆನಪಿರಬಹುದು. ಅದಕ್ಕೆ ಸ್ಫೂರ್ತಿ ಇವರು.

1921ರಲ್ಲಿ ವರ್ಜೀನಿಯಾದ ಡ್ಯಾನ್‌ವಿಲ್‌ನಲ್ಲಿ ಹುಟ್ಟಿದ ಕಪ್ಪು ವರ್ಣದ ಮನುಷ್ಯ. ಯುದ್ಧಕಾಲದಲ್ಲಿ ಸೈನ್ಯದ ವಾಹನಗಳ ಮೆಕ್ಯಾನಿಕ್. ಬಂದ ಮೇಲೆ ಗ್ಯಾರೇಜು ನಡೆಸಿದರು, ಕಳ್ಳಭಟ್ಟಿಯನ್ನೂ ಸಾಗಿಸಿದರು. 1952ರಲ್ಲಿ ರೇಸಿಗೆ ಇಳಿದರು, 1961ರಲ್ಲಿ ನಾಸ್ಕಾರ್‌ನ ಮೇಲಿನ ಹಂತಕ್ಕೆ ಬಂದರು. ದೊಡ್ಡ ಪ್ರಾಯೋಜಕರಿಲ್ಲ. ಕಾರು ತಾವೇ ರಿಪೇರಿ ಮಾಡಬೇಕು, ಪಿಟ್‌ನಲ್ಲಿ ಕೈಜೋಡಿಸುವವರು ಸ್ವಂತ ಮಕ್ಕಳು. ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಎಂದು ಹೋಟೆಲು, ಶೌಚಾಲಯಗಳೂ ಹಂಚಿಹೋಗಿದ್ದ ನಾಡಿನಲ್ಲಿ ಊರಿಂದೂರಿಗೆ ಕಾರು ಎಳೆದುಕೊಂಡು ಹೋಗಿ ಓಡಿಸಬೇಕು. ಕಾರಿನ ನಂಬರ್ 34. ಪೆಟ್ಟಿಯ 43ರ ತಿರುಗುಮುರುಗು.

1963ರ ಡಿಸೆಂಬರ್ 1, ಫ್ಲಾರಿಡಾದ ಜಾಕ್ಸನ್‌ವಿಲ್. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್, 200 ಸುತ್ತು. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನರೆದುರು ಭಾಷಣ ಮಾಡಿ ಮೂರು ತಿಂಗಳಾಗಿತ್ತಷ್ಟೆ. ಇನ್ನು 25 ಸುತ್ತು ಬಾಕಿ ಇರುವಾಗ, ಕಾರಿನ ತೊಂದರೆಯಿಂದ ನಿಧಾನವಾಗಿದ್ದ ರಿಚರ್ಡ್ ಪೆಟ್ಟಿಯನ್ನು ಸ್ಕಾಟ್ ಹಿಂದೆ ಹಾಕಿದರು. 200 ಸುತ್ತು ಮುಗಿಯಿತು. ಬಾವುಟ ಬೀಳಲಿಲ್ಲ. ಇನ್ನೊಂದು ಸುತ್ತು ಓಡಿದರು. ಆಗಲೂ ಬೀಳಲಿಲ್ಲ. ಮತ್ತೊಂದು. 202 ಸುತ್ತು. ಅಷ್ಟರಲ್ಲಿ ಬಾವುಟ ಬಕ್ ಬೇಕರ್ ಎಂಬ ಬಿಳಿಯ ಚಾಲಕನಿಗೆ ಬಿತ್ತು. ಟ್ರೋಫಿ, ಫೋಟೊ, ಸಂಭ್ರಮ ಎಲ್ಲವೂ ಬೇಕರ್‌ಗೆ.

ಸ್ಕಾಟ್ ಒಪ್ಪಲಿಲ್ಲ. ಕಾರ್ಡ್‌ಗಳನ್ನು ಮತ್ತೆ ನೋಡಿ ಎಂದರು. ಗಂಟೆಗಳು ಕಳೆದು, ಗ್ಯಾಲರಿ ಖಾಲಿಯಾದ ಮೇಲೆ ಅಧಿಕಾರಿಗಳು ಒಪ್ಪಿಕೊಂಡರು. ಗೆದ್ದವರು ಸ್ಕಾಟ್, ಎರಡು ಸುತ್ತುಗಳ ಅಂತರದಲ್ಲಿ. ಆದರೆ ಅದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ. ಟ್ರೋಫಿ ಬೇಕರ್ ಜೊತೆ ಹೋಗಿತ್ತು. ಆಮೇಲೆ ಸ್ಕಾಟ್‌ಗೆ ಸಿಕ್ಕಿದ್ದು ಒಂದು ಅಗ್ಗದ ಮರದ ಟ್ರೋಫಿ.

ಇದು ಬರೀ ಎಣಿಕೆಯ ತಪ್ಪಲ್ಲ ಎಂದೇ ಸ್ಕಾಟ್ ಮತ್ತು ಅವರ ಕುಟುಂಬ ಕೊನೆಯವರೆಗೂ ನಂಬಿತ್ತು. ಬಹುಮಾನ ಕೊಡುವಾಗ ಗೆದ್ದವನಿಗೆ ಬಿಳಿಯ ಸುಂದರಿಯೊಬ್ಬಳು ಮುತ್ತು ಕೊಡುವ ರೂಢಿಯಿತ್ತು. ಕಪ್ಪು ಮನುಷ್ಯ ಅಲ್ಲಿ ನಿಲ್ಲುವುದು ಅವತ್ತಿನ ಫ್ಲಾರಿಡಾಕ್ಕೆ ಬೇಕಿರಲಿಲ್ಲ ಎಂಬುದು ಅವರ ಮಾತು. ಅದೇ ಅವರ ಮೊದಲ ಗೆಲುವು. ಅದೇ ಕೊನೆಯದೂ. 495 ರೇಸ್ ಓಡಿಸಿ, 1973ರಲ್ಲಿ ಟಲ್ಲಡೇಗಾದ ದೊಡ್ಡ ಅಪಘಾತದ ನಂತರ ಹೆಚ್ಚುಕಡಿಮೆ ನಿಲ್ಲಿಸಿದರು. 1990ರಲ್ಲಿ ತೀರಿಕೊಂಡರು. 2015ರಲ್ಲಿ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. 2021ರ ಆಗಸ್ಟ್ 28ರಂದು, ಅವರು ಬದುಕಿದ್ದರೆ ನೂರು ತುಂಬುತ್ತಿದ್ದ ದಿನದ ಹಿಂದಿನ ಸಂಜೆ, ಡೇಟೋನಾದಲ್ಲಿ ನಾಸ್ಕಾರ್ ಆ ಗೆಲುವಿನ ಟ್ರೋಫಿಯನ್ನು ಅವರ ಕುಟುಂಬಕ್ಕೆ ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 4ರಂದು ಬಬ್ಬಾ ವ್ಯಾಲೆಸ್ ಗೆದ್ದಾಗ, ಆ ಮಟ್ಟದಲ್ಲಿ ಗೆದ್ದ ಎರಡನೇ ಕಪ್ಪು ಚಾಲಕನನ್ನು ಅಮೆರಿಕ ಕಂಡಿತು. ನಡುವೆ 58 ವರ್ಷ.

ನನ್ನ ಡೇಟಾಬೇಸ್‌ಗೆ ಇಲ್ಲೂ ಒಂದು ತಲೆನೋವು. ಆ ರೇಸ್ ನಡೆದದ್ದು 1963ರಲ್ಲಿ. ಆದರೆ ದಾಖಲೆಯಲ್ಲಿ ಅದು 1964ರ ಸೀಸನ್‌ನದು. ದಿನಾಂಕ ನೋಡಿ ಸೀಸನ್ ಲೆಕ್ಕ ಹಾಕುವಂತೆ ನಾನು ಬರೆದಿದ್ದ ಕ್ವೆರಿ ಸ್ಕಾಟ್ ಅವರ ಗೆಲುವನ್ನು ತೋರಿಸಲೇ ಇಲ್ಲ. ಎಲ್ಲ ಸರಿಯಿದೆ ಅಂದುಕೊಂಡಿದ್ದ ನನ್ನ ಪ್ರೋಗ್ರಾಂ ಕೂಡ ಆ ಮನುಷ್ಯನನ್ನು ಒಂದು ಸಲ ಬಿಟ್ಟುಬಿಟ್ಟಿತ್ತು.

ನಮ್ಮ ಮೈದಾನ, ನನ್ನ ನೋಟ್‌ಬುಕ್

202 ಎಂಬ ಸಂಖ್ಯೆಯನ್ನು ಟೈಪ್ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾಲ್ಕನೇ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನ ಸ್ಪೋರ್ಟ್ಸ್ ಮೀಟ್ ನಡೆದಿತ್ತು. ನಮ್ಮದು 400 ಮೀಟರ್ ಟ್ರ್ಯಾಕ್ ಅಲ್ಲ. ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ 200 ಮೀಟರಿನದು. ಅಂದರೆ 5,000 ಮೀಟರ್ ಓಟಕ್ಕೆ 25 ಸುತ್ತು. ಹನ್ನೊಂದು ಜನ ಓಡುವವರು, ನಾಲ್ವರು ವಾಲಂಟಿಯರ್‌ಗಳು. ನನ್ನ ಪಾಲಿಗೆ ಮೂವರು ಬಂದಿದ್ದರು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೂರು ಹೆಸರು ಬರೆದು, ಒಂದೊಂದು ಸುತ್ತಿಗೆ ಒಂದೊಂದು ಗೀಟು ಎಳೆಯುತ್ತಾ ಕೂತಿದ್ದೆ.

ಅವರಲ್ಲಿ ಒಬ್ಬ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಸೇರಿದ ಹುಡುಗ. ಹೆಸರು ಬೇಡ ಎಂದು ಅವನೇ ಹೇಳಿದ್ದಾನೆ. ಎಲ್ಲರಿಗಿಂತ ಮುಂದಿದ್ದ. ಕೊನೆಗೊಮ್ಮೆ ಗೆರೆ ದಾಟಿ ಕೈ ಮೇಲೆತ್ತಿದ. ನನ್ನ ಪುಸ್ತಕದಲ್ಲಿ 24 ಗೀಟು. ‘ಇನ್ನೊಂದು ರೌಂಡ್ ಇದೆ, ಓಡು ಓಡು’ ಎಂದು ಕೂಗಿದೆ. ಅವನು ಒಂದು ಕ್ಷಣ ನಿಂತು ‘ಆಯ್ತಲ್ಲ?’ ಅಂದ. ನಾನು ನೋಟ್‌ಬುಕ್ ಎತ್ತಿ ತೋರಿಸಿದೆ. ಮರುಮಾತಾಡದೆ ಓಡಿದ. ಅವನು ಮತ್ತೊಮ್ಮೆ ಸುತ್ತಿ ಬರುವಷ್ಟರಲ್ಲಿ ಇನ್ನಿಬ್ಬರು ಮುಗಿಸಿದ್ದರು. ಅವನಿಗೆ ಮೂರನೇ ಸ್ಥಾನ.

ಆ ‘ಆಯ್ತಲ್ಲ?’ ನನಗೆ ಆರು ತಿಂಗಳಲ್ಲಿ ಒಂದು ಸಲವೂ ನೆನಪಾಗಿರಲಿಲ್ಲ. ಸ್ಕಾಟ್ ಅವರ 202 ಅದನ್ನು ಎಬ್ಬಿಸಿತು.

ಮರುದಿನ ಅವನ ರೂಮ್‌ಮೇಟನ್ನು ಹುಡುಕಿಕೊಂಡು ಹೋದೆ. ಓಟದ ದಿನ ಅವನು ಹಾಸ್ಟೆಲ್ ಟೆರೇಸಿನಿಂದ ಗೆಳೆಯನ ಮನೆಯವರಿಗೆ ಕಳಿಸಲೆಂದು ಪೂರ್ತಿ ವಿಡಿಯೊ ಮಾಡಿದ್ದ ಎಂದು ಗೊತ್ತಿತ್ತು. ಇನ್ನೂ ಡಿಲೀಟ್ ಮಾಡಿರಲಿಲ್ಲ. ಲ್ಯಾಪ್‌ಟಾಪಿಗೆ ಹಾಕಿಕೊಂಡು ಕೂತೆ. ಒಮ್ಮೆ ಎಣಿಸಿದೆ, 26. ಮತ್ತೊಮ್ಮೆ, 26. ಮೂರನೇ ಸಲ ಪ್ರತಿ ಸುತ್ತಿನ ಸಮಯ ಬರೆದುಕೊಂಡೆ, ಆ ಹಳೆಯ ಕಾರ್ಡ್‌ಗಳ ಹಾಗೆ. 26. ಹದಿನೇಳನೇ ಸುತ್ತಿನಲ್ಲಿ ಅವನೂ ನನ್ನ ಪಾಲಿನ ಇನ್ನೊಬ್ಬನೂ ಒಟ್ಟಿಗೆ ಗೆರೆ ದಾಟುತ್ತಾರೆ. ಅದೇ ಹೊತ್ತಿಗೆ ಮೂಲೆಯಲ್ಲಿ ಕೂತ ನಾನು, ಯಾರೋ ಕೊಟ್ಟ ಮಜ್ಜಿಗೆ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದೇನೆ.

ನಾನು ಯಾರಿಗೂ ಮೋಸ ಮಾಡಬೇಕೆಂದು ಕೂತಿರಲಿಲ್ಲ. ಆದರೆ ಓಡಿದವನಿಗೆ ಅದರಿಂದ ಏನು ವ್ಯತ್ಯಾಸ? ಅವನು ಓಡಿದ್ದು 5,200 ಮೀಟರ್. ಸಿಕ್ಕಿದ್ದು ಮೂರನೇ ಸ್ಥಾನ.

ಮೊದಲು ಅವನ ಹತ್ತಿರವೇ ಹೋದೆ. ವಿಡಿಯೊ ತೋರಿಸಿ, ತಪ್ಪಾಯ್ತು ಎಂದೆ. ಅವನು ಅರ್ಧಕ್ಕೇ ನಿಲ್ಲಿಸಿದ. ‘ನನಗೆ ಅವತ್ತೇ ಗೊತ್ತಿತ್ತು’ ಅಂದ.

‘ಮತ್ತೆ ಯಾಕೆ ಹೇಳಲಿಲ್ಲ?’

‘ಹೇಳಿದ್ದೆನಲ್ಲ. ನೀನೇ ಪುಸ್ತಕ ತೋರಿಸಿದೆ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಅವನ ಜೀವನದ ಮೊದಲ ಗೆಲುವಾಗುತ್ತಿತ್ತು ಎಂದು ಆಮೇಲೆ ಅವನ ರೂಮ್‌ಮೇಟ್ ಹೇಳಿದ. ಶಾಲೆಯಿಂದ ಓಡುತ್ತಾ ಬಂದವನು, ಎರಡನೆಯದು ಮೂರನೆಯದು ಎಷ್ಟೋ ಬಂದಿತ್ತಂತೆ. ಮೊದಲನೆಯದು ಒಂದೂ ಇರಲಿಲ್ಲ.

ಖಾಲಿ ಖಾನೆ

ಇಷ್ಟು ದಿನ ಆದಮೇಲೆ ಇದನ್ನು ಎತ್ತಬೇಕೇ ಎಂದು ಒಂದು ವಾರ ಒದ್ದಾಡಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಗ ನನ್ನನ್ನು ದಾರಿಗೆ ತಂದದ್ದು ಒಂದು ಎರರ್ ಮೆಸೇಜ್.

‘ದಾಖಲೆಯಲ್ಲಿ ಗೆದ್ದವರು’ ಕಾಲಂ ಖಾಲಿ ಬಿಡುವಂತಿಲ್ಲ ಎಂದು ನಾನು ಡೇಟಾಬೇಸ್‌ನಲ್ಲಿ ನಿಯಮ ಹಾಕಿದ್ದೆ. ಹಳೆಯ ಪಟ್ಟಿಯೊಂದನ್ನು ಅದರೊಳಗೆ ತುಂಬುವಾಗ ಒಂದು ಸಾಲು ಒಳಗೆ ಹೋಗಲೇ ಇಲ್ಲ. 1971ರ ಆಗಸ್ಟ್ 6, ಬೌಮನ್ ಗ್ರೇ ಸ್ಟೇಡಿಯಂ, ಆ ಫುಟ್‌ಬಾಲ್ ಮೈದಾನದ ಸುತ್ತಿನ ಟ್ರ್ಯಾಕ್. ಕಾರುಗಳು ಸಾಲದೆ ಆ ದಿನ ಚಿಕ್ಕ ವಿಭಾಗದ ಕಾರುಗಳನ್ನೂ ಜೊತೆಗೇ ಓಡಿಸಿದ್ದರು. ಚಿಕ್ಕ ವಿಭಾಗದ ಮಸ್ಟಾಂಗ್ ಓಡಿಸಿದ ಬಾಬಿ ಆಲಿಸನ್ ಎಲ್ಲರಿಗಿಂತ ಮೊದಲು ಬಂದರು. ಆದರೆ ಆ ಗೆಲುವನ್ನು ದೊಡ್ಡ ಸರಣಿಯ ಲೆಕ್ಕಕ್ಕೆ ಸೇರಿಸಲಿಲ್ಲ. ರೇಸ್ ಇದೆ, ಗೆದ್ದವರಿಲ್ಲ! 53 ವರ್ಷ ಆ ಖಾನೆ ಹಾಗೇ ಇತ್ತು. 2024ರ ಅಕ್ಟೋಬರ್ 23ರಂದು ನಾಸ್ಕಾರ್ ಅದನ್ನು ಆಲಿಸನ್ ಅವರ 85ನೇ ಗೆಲುವೆಂದು ಒಪ್ಪಿಕೊಂಡಿತು. ಸಂಸ್ಥೆಯ ಹಿರಿಯರು ಅವರ ಮನೆಗೇ ಹೋಗಿ ಹೇಳಿದರು. ಹದಿನೇಳು ದಿನದ ನಂತರ, ನವೆಂಬರ್ 9ರಂದು, 86ರ ವಯಸ್ಸಿನ ಆಲಿಸನ್ ತೀರಿಕೊಂಡರು.

ಸ್ಕಾಟ್ ಕುಟುಂಬಕ್ಕೆ ಟ್ರೋಫಿ ಬಂದಾಗ ಸ್ಕಾಟ್ ಇರಲಿಲ್ಲ. ಆಲಿಸನ್‌ಗೆ ಬಂದಾಗ ಆಲಿಸನ್ ಇದ್ದರು. ಈ ಎರಡು ಸಾಲುಗಳ ನಡುವಿನ ಅಂತರ ನನಗೆ ಸಾಕಾಯಿತು.

ಮರುದಿನ ಬೆಳಿಗ್ಗೆ ದೈಹಿಕ ಶಿಕ್ಷಣ ವಿಭಾಗಕ್ಕೆ ಹೋಗಿ ಎಲ್ಲ ಹೇಳಿದೆ. ಸರ್ ‘ಈಗ ಯಾಕೆ? ಆರು ತಿಂಗಳಾಯ್ತಲ್ಲ’ ಅಂದರು. ‘ಅಮೆರಿಕದಲ್ಲಿ 53 ವರ್ಷ ಆದ ಮೇಲೂ ತಿದ್ದಿದ್ದಾರೆ ಸರ್’ ಎಂದೆ. ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು ಪೂರ್ತಿ ವಿಡಿಯೊವನ್ನು ಬೆರಳು ಮಡಚುತ್ತಾ ಎರಡು ಸಲ ನೋಡಿದರು. ಬೀರುವಿನಿಂದ ರಿಜಿಸ್ಟರ್ ತೆಗೆದು, ಕೆಂಪು ಇಂಕಿನಲ್ಲಿ ತಿದ್ದಿ, ಪಕ್ಕದಲ್ಲಿ ದಿನಾಂಕ ಹಾಕಿ ಸಹಿ ಮಾಡಿದರು. ಹೊಸ ಸರ್ಟಿಫಿಕೇಟ್ ಬರೆಸಿದರು.

ಕಷ್ಟದ ಕೆಲಸ ಇನ್ನೂ ಬಾಕಿ ಇತ್ತು. ಮೊದಲ ಸ್ಥಾನದ ಪದಕ ಪಡೆದವರು ಫೈನಲ್ ಇಯರ್ ಸೀನಿಯರ್. ಅವರ ತಪ್ಪೇನೂ ಇರಲಿಲ್ಲ. ಅವರು ನಿಯತ್ತಿನಿಂದ 25 ಸುತ್ತು ಓಡಿದ್ದರು. ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಮೆಡಲ್ ಊರಲ್ಲಿದೆ. ಅಮ್ಮ ಶೋಕೇಸಿನಲ್ಲಿ ಇಟ್ಟಿದ್ದಾರೆ. ಹೋದಾಗ ತರ್ತೀನಿ’ ಅಂದರು. ಒಬ್ಬರಿಗೆ ನ್ಯಾಯ ಕೊಡುವಾಗ ಇನ್ನೊಬ್ಬರ ಮನೆಯ ಶೋಕೇಸಿನಿಂದ ಏನೋ ತೆಗೆಯಬೇಕಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಆ ಬೆಲೆಯೂ ನನ್ನ ಒಂದು ಗೀಟಿನದೇ.

ರಜೆ ಮುಗಿಸಿ ಬಂದವರು ತಂದರು. ಕ್ಯಾಂಟೀನಿನ ಟೇಬಲ್ ಮೇಲೆ ಪದಕಗಳು ಕೈ ಬದಲಾದವು. ಭಾಷಣ ಇಲ್ಲ, ಫೋಟೊ ಇಲ್ಲ. ಸೀನಿಯರ್ ಅವನ ಬೆನ್ನು ತಟ್ಟಿ ‘ಮುಂದಿನ ಸಲ ಟ್ರ್ಯಾಕ್ ಮೇಲೇ ಸೋಲಿಸು’ ಅಂದರು. ಟೀ ದುಡ್ಡು ನಾನು ಕೊಟ್ಟೆ.

ಪ್ರಾಜೆಕ್ಟ್ ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಒಂದೇ ಪ್ರಶ್ನೆಗೆ ಪಟ್ಟು ಹಿಡಿದರು. ‘ಗೆದ್ದವರಿಗೆ ಎರಡು ಕಾಲಂ ಯಾಕೆ? ಇದು ರಿಡಂಡೆನ್ಸಿ ಅಲ್ಲವಾ? ನಾರ್ಮಲೈಸೇಷನ್ ಓದಿಲ್ಲವಾ?’ ನಾನು ಡನವೇ, ಪೆಟ್ಟಿ, ಸ್ಕಾಟ್ ಅವರ ಸಾಲುಗಳನ್ನು ತೋರಿಸಿದೆ. ಮೂವರದೂ ಬಾವುಟದ ಕಾಲಂ ಒಂದು ಹೇಳುತ್ತದೆ, ದಾಖಲೆಯ ಕಾಲಂ ಇನ್ನೊಂದು ಹೇಳುತ್ತದೆ. ಎರಡರಲ್ಲಿ ಯಾವುದನ್ನು ಅಳಿಸಿದರೂ ಅಂದು ಏನಾಯಿತು ಎಂಬುದೇ ಅಳಿಸಿಹೋಗುತ್ತದೆ ಸರ್ ಎಂದೆ. ಅವರು ಏನೋ ಬರೆದುಕೊಂಡರು. ಇಪ್ಪತ್ತಕ್ಕೆ ಹದಿನೇಳು ಬಂತು. ಹೋದ ಮೂರು ಯಾವುದಕ್ಕೆ ಎಂದು ಕೇಳಲಿಲ್ಲ.

ಈ ವರ್ಷದ ಸ್ಪೋರ್ಟ್ಸ್ ಮೀಟ್‌ಗೆ ಮತ್ತೆ ಸುತ್ತು ಎಣಿಸುವ ಕೆಲಸವನ್ನೇ ಕೇಳಿ ಪಡೆದಿದ್ದೇನೆ. ಈ ಸಲ ಒಬ್ಬ ಓಟಗಾರನಿಗೆ ಇಬ್ಬರು ಎಣಿಸುವವರು. ಗೀಟು ಎಳೆಯುವಂತಿಲ್ಲ, ಪ್ರತಿ ಸುತ್ತಿಗೂ ಗಡಿಯಾರ ನೋಡಿ ಸಮಯ ಬರೆಯಬೇಕು. ಒಂದು ಸುತ್ತು ಬಿಟ್ಟುಹೋದರೆ ಎರಡು ಸಮಯಗಳ ನಡುವಿನ ಅಂತರ ದುಪ್ಪಟ್ಟಾಗಿ ಕಾಣುತ್ತದೆ, ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಕಾರ್ಡಿನ ನಮೂನೆಯನ್ನು ನಾನೇ ಮಾಡಿ ಪ್ರಿಂಟ್ ಹಾಕಿಸಿದ್ದೇನೆ. ಕೆಳಗೆ ಒಂದು ಸೂಚನೆಯೂ ಇದೆ: ಓಡುವವರು ‘ಆಯ್ತಲ್ಲ?’ ಎಂದರೆ, ಪುಸ್ತಕ ತೋರಿಸುವ ಮೊದಲು ಮತ್ತೊಮ್ಮೆ ಎಣಿಸಿ.

ಮಜ್ಜಿಗೆ ಓಟ ಮುಗಿದ ಮೇಲೆ.